ಬೀಳ್ಕೊಡುವವರ ಬಾಗಿಲು

ಕನ್ನಡದಲ್ಲಿ ಬೀಳ್ಕೊಳ್ಳುವುದು ಎಂಬ ಮಾತೊಂದಿದೆ, ಬೀಳ್ಕೊಡುವುದು ಎಂಬ ಮಾತೊಂದಿದೆ. ಇವೆರಡನ್ನೂ ನಾವು ಇಂದು ಹೆಚ್ಚು ಕಡಿಮೆ ಒಂದೇ ಎಂಬಂತೆ ಬಳಸುತ್ತೇವೆ. ಆದರೆ ಹಳೆಯ ಕಾವ್ಯ ಓದಿದವರಿಗೆ ಗೊತ್ತು, ಈ ಎರಡು ಕೆಲಸಗಳನ್ನು ಮಾಡುವವರು ಬೇರೆ ಬೇರೆ. ಹೊರಡುವವನು ಬೀಳ್ಕೊಳ್ಳುತ್ತಾನೆ, ಉಳಿಯುವವನು ಬೀಳ್ಕೊಡುತ್ತಾನೆ. ಅಪ್ಪಣೆ ಎಂಬುದನ್ನು ಒಬ್ಬರು ಕೇಳಿ ಪಡೆಯಬೇಕು, ಇನ್ನೊಬ್ಬರು ಮನಸಾರೆ ಕೊಡಬೇಕು. ವಿಮಾನ ನಿಲ್ದಾಣಗಳಲ್ಲಿ ನಮ್ಮ ಜನ ಒಬ್ಬರನ್ನೊಬ್ಬರು ಕಳಿಸಿಕೊಡುವ ಬಗೆಗಳ ಕುರಿತು ಮಾತನಾಡಬೇಕೆಂದು ಈ ಸಂಜೆ ಬಂದಿದ್ದೇನೆ, ಮತ್ತು ನನ್ನ ಗಮನವೆಲ್ಲ ಇರುವುದು ಈ ಎರಡನೆಯವರ ಮೇಲೆ, ಅಂದರೆ ಕೊಡುವವರ ಮೇಲೆ. ಹೊರಡುವವರಿಗಾಗಿ ವಿಮಾನ ನಿಲ್ದಾಣದಲ್ಲಿ ಕುರ್ಚಿಯಿದೆ, ಕಾಫಿಯಿದೆ, ದಾರಿ ತೋರಿಸುವ ಫಲಕಗಳಿವೆ, ಕೇಳಿದ್ದಕ್ಕೆ ಉತ್ತರ ಹೇಳುವ ಜನರಿದ್ದಾರೆ. ಕಳಿಸಿಕೊಡಲು ಬಂದವರಿಗೆ ಇರುವುದು ರಸ್ತೆ ಮತ್ತು ಬಾಗಿಲಿನ ನಡುವಣ ಕೆಲವು ಮಾರು ಜಾಗ ಮಾತ್ರ.

ಆ ಬಾಗಿಲಿನಿಂದಲೇ ಆರಂಭಿಸೋಣ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಟಿಕೆಟ್ ಇಲ್ಲದವರು ಟರ್ಮಿನಲ್ಲಿನ ಒಳಗೆ ಕಾಲಿಡುವಂತಿಲ್ಲ. ಕಟ್ಟಡದ ಹೊರಬಾಗಿಲಿನಲ್ಲೇ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಜವಾನರು ನಿಂತಿರುತ್ತಾರೆ. ಟಿಕೆಟ್ಟಿನ ಮೇಲಿನ ಹೆಸರನ್ನೂ ಗುರುತಿನ ಚೀಟಿಯ ಮೇಲಿನ ಮುಖವನ್ನೂ ಹೋಲಿಸಿ ನೋಡಿ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಾರೆ. 1999ರ ಡಿಸೆಂಬರಿನಲ್ಲಿ ಐಸಿ-814 ವಿಮಾನದ ಅಪಹರಣ ನಡೆದ ಮೇಲೆ ವಿಮಾನ ನಿಲ್ದಾಣಗಳ ಕಾವಲನ್ನು ಈ ಪಡೆಗೆ ಒಪ್ಪಿಸುವ ಕೆಲಸ 2000ರಲ್ಲಿ ಜೈಪುರದಿಂದ ಮೊದಲಾಯಿತು. ಅದಕ್ಕೂ ಮುಂಚೆ, ಆಮೇಲೂ ಕೆಲವು ಕಾಲ, ಹಲವು ನಿಲ್ದಾಣಗಳಲ್ಲಿ ಸಂದರ್ಶಕರ ಟಿಕೆಟ್ ಕೊಂಡು ಒಳಗೆ ಹೋಗಿ ಗಾಜಿನಾಚೆ ನಿಂತ ವಿಮಾನವನ್ನಾದರೂ ನೋಡಬಹುದಿತ್ತು. ಭದ್ರತೆಯ ಅಗತ್ಯವನ್ನು ನಾನು ಪ್ರಶ್ನಿಸುತ್ತಿಲ್ಲ. ಆ ಬಾಗಿಲು ಎಲ್ಲಿ ನಿಂತಿದೆ ಎಂಬುದನ್ನು ಗಮನಿಸಿ ಎಂದಷ್ಟೇ ಕೇಳುತ್ತಿದ್ದೇನೆ. ಅಮೆರಿಕದಲ್ಲಿ 2001ರ ಸೆಪ್ಟೆಂಬರಿನ ದಾಳಿಗೆ ಮುಂಚೆ ಮನೆಯವರು ವಿಮಾನದ ಬಾಗಿಲವರೆಗೂ ಜೊತೆಗೆ ಹೋಗಬಹುದಾಗಿತ್ತು. ಆ ನಂತರ ಅವರನ್ನು ಭದ್ರತಾ ತಪಾಸಣೆಯ ಸಾಲಿನಲ್ಲಿ ತಡೆದರು. ಹಾಗೆ ತಡೆದರೂ ಚೆಕ್-ಇನ್ ಕೌಂಟರಿನವರೆಗೆ ಒಟ್ಟಿಗೆ ಇರಬಹುದು. 2017ರಲ್ಲಿ ಪಿಟ್ಸ್‌ಬರ್ಗ್ ನಿಲ್ದಾಣದವರು ಪ್ರಯಾಣಿಕರಲ್ಲದವರಿಗೂ ಪಾಸ್ ಕೊಟ್ಟು, ತಪಾಸಣೆ ಮಾಡಿ ಮತ್ತೆ ಒಳಗೆ ಬಿಡಲು ಆರಂಭಿಸಿದರು. ನಮ್ಮಲ್ಲಿ ಅಗಲಿಕೆ ಎಲ್ಲಕ್ಕಿಂತ ಮೊದಲೇ, ಸೂಟ್‌ಕೇಸಿನ ತೂಕ ನೋಡುವುದಕ್ಕೂ ಮುಂಚೆಯೇ, ರಸ್ತೆಯ ಅಂಚಿನಲ್ಲಿ ನಡೆದುಹೋಗುತ್ತದೆ. ನಮ್ಮವರು ವಿದಾಯ ಹೇಳುವ ರೀತಿಯನ್ನು ಬಹುಮಟ್ಟಿಗೆ ರೂಪಿಸಿರುವುದು ಈ ಒಂದು ಸಂಗತಿ ಎಂದು ನನ್ನ ತಿಳಿವಳಿಕೆ.

ನಾನು ಹುಟ್ಟಿದ್ದು ಉಡುಪಿಯ ಹತ್ತಿರದ ಒಂದು ಊರಿನಲ್ಲಿ. ನಮ್ಮ ಕರಾವಳಿಯವರಿಗೆ ಪರದೇಶಕ್ಕೆ ಹೊರಡುವುದು ಹೊಸತಲ್ಲ, ವಿಮಾನ ನಿಲ್ದಾಣದಲ್ಲಿ ಕಳಿಸಿಕೊಡುವುದು ಹೊಸತು. ನನ್ನ ಅಣ್ಣ 1979ರಲ್ಲಿ ಮಸ್ಕತ್ತಿಗೆ ಹೋದಾಗ ನಮ್ಮ ಮನೆಯ ಯಾರೂ ವಿಮಾನವನ್ನು ನೋಡಲಿಲ್ಲ. ಆಗ ಗಲ್ಫಿಗೆ ಹೋಗುವವರು ಬೊಂಬಾಯಿ ಬಸ್ಸು ಹತ್ತಬೇಕಿತ್ತು, ಇಡೀ ವಠಾರ ಬಸ್ ನಿಲ್ದಾಣಕ್ಕೆ ಬರುತ್ತಿತ್ತು. ಅಮ್ಮ ಮಾವಿನ ಮಿಡಿಯ ಜಾಡಿಗೆ ಬಟ್ಟೆ ಸುತ್ತಿ ಅಣ್ಣನ ರೆಕ್ಸಿನ್ ಬ್ಯಾಗಿನಲ್ಲಿ ಇಟ್ಟಿದ್ದರು. ಅದು ಒಡೆಯದಂತೆ ಹೇಗೆ ಹಿಡಿಯಬೇಕು ಎಂಬುದನ್ನು ಬಿಟ್ಟು ಬೇರೆ ಯಾವ ಮಾತನ್ನೂ ಅವರು ಆ ಹೊತ್ತು ಆಡಲಿಲ್ಲ. ಅಪ್ಪ ದೂರದಲ್ಲಿ ಕಂಡಕ್ಟರನ ಹತ್ತಿರ ಏನೋ ವಿಚಾರಿಸುತ್ತ ನಿಂತಿದ್ದವರು, ಬಸ್ಸು ಅಲುಗಿದ ಮೇಲೆ ಬೇಗ ಬೇಗ ನಡೆದು ಬಂದು ಕಿಟಕಿಯ ಸರಳಿನ ಮೇಲೆ ಕೈ ಇಟ್ಟರು. ಅಣ್ಣ ಆ ಕೈಯ ಮೇಲೆ ತನ್ನ ಕೈ ಇಟ್ಟ. ಬಸ್ಸು ನಾಲ್ಕು ಹೆಜ್ಜೆ ಮುಂದೆ ಹೋಗುವವರೆಗೆ ಅಪ್ಪ ಅದರ ಜೊತೆಗೇ ನಡೆದರು, ಆಮೇಲೆ ಕೈ ಬಿಟ್ಟರು. ‘ಪೋದು ಬರ್ಪೆ’ ಎಂದು ಅಣ್ಣ ತುಳುವಿನಲ್ಲಿ ಹೇಳಿದ್ದು, ‘ಪೋದು ಬಲ’ ಎಂದು ಅಮ್ಮ ಉತ್ತರಿಸಿದ್ದು ನನಗೆ ಇಂದಿಗೂ ಕೇಳಿಸುತ್ತದೆ. ಮಸ್ಕತ್ತಿನಿಂದ ಮೊದಲ ಕಾಗದ ಬಂದದ್ದು ಮೂರು ವಾರ ಕಳೆದ ಮೇಲೆ.

ಈ ಬಸ್ಸಿನ ಪ್ರಸಂಗವನ್ನು ಹೇಳಿದ್ದಕ್ಕೆ ಕಾರಣವಿದೆ. ಬಸ್ಸಿಗೂ ರೈಲಿಗೂ ಕಿಟಕಿಯಿದೆ. ಹೊರಟ ಮೇಲೂ ಕೆಲವು ಕ್ಷಣ ಮುಖ ಕಾಣುತ್ತದೆ, ಕೈ ತಾಕುತ್ತದೆ, ವೇಗ ನಿಧಾನವಾಗಿ ಏರುತ್ತದೆ. ಉಳಿದವರ ಮನಸ್ಸಿಗೆ ಹೊಂದಿಕೊಳ್ಳಲು ಆ ನಿಧಾನವೇ ಸ್ವಲ್ಪ ಅವಕಾಶ ಕೊಡುತ್ತದೆ. ಹಡಗಿನ ಕಾಲದಲ್ಲಂತೂ ಅದು ಇನ್ನೂ ದೀರ್ಘ. ಹವಾಯಿ ದ್ವೀಪಗಳಿಂದ ಹಡಗಿನಲ್ಲಿ ಹೊರಡುವವರು ಕೊರಳಿಗೆ ಹಾಕಿಸಿಕೊಂಡ ಹೂಮಾಲೆಯನ್ನು ಸಮುದ್ರಕ್ಕೆ ಎಸೆಯುತ್ತಿದ್ದರಂತೆ. ಮಾಲೆ ತೇಲಿ ದಡಕ್ಕೆ ಮರಳಿದರೆ ಎಸೆದವರೂ ಒಂದು ದಿನ ಮರಳುತ್ತಾರೆ ಎಂಬ ನಂಬಿಕೆ. ವಿಮಾನದಲ್ಲಿ ಇದಾವುದಕ್ಕೂ ಎಡೆಯಿಲ್ಲ. ವ್ಯಕ್ತಿ ಬಾಗಿಲೊಳಗೆ ಮರೆಯಾದ ಎರಡು ಮೂರು ಗಂಟೆಗಳ ಮೇಲೆ, ಬೀಳ್ಕೊಟ್ಟವರು ಮನೆ ಸೇರಿ ಕೈಕಾಲು ತೊಳೆದುಕೊಳ್ಳುವ ಹೊತ್ತಿಗೆ, ವಿಮಾನ ಏರುತ್ತದೆ. ಅಗಲಿದ ಗಳಿಗೆ ಬೇರೆ, ಹೊರಟ ಗಳಿಗೆ ಬೇರೆ.

ಮಂಗಳೂರಿನ ಬಜಪೆ ನಿಲ್ದಾಣ 1951ರಲ್ಲೇ ಆರಂಭವಾಗಿದ್ದರೂ ಅಲ್ಲಿಂದ ದುಬೈಗೆ ನೇರ ವಿಮಾನ ಬಂದದ್ದು 2006ರಲ್ಲಿ. ಬೊಂಬಾಯಿಯ ಬಸ್ಸಿನ ಬಳಿ ನಡೆಯುತ್ತಿದ್ದದ್ದೆಲ್ಲ ಆಮೇಲೆ ಗುಡ್ಡದ ಮೇಲಿನ ಆ ನಿಲ್ದಾಣಕ್ಕೆ ಬಂತು. ಒಬ್ಬರನ್ನು ಕಳಿಸಲು ಓಮ್ನಿಯಲ್ಲಿ ಎಂಟು ಜನ ಬರುವುದನ್ನು ನಾನು ಕಂಡಿದ್ದೇನೆ. ಅಲ್ಲಿ ಒಂದೇ ಸಾಲಿನಲ್ಲಿ ನಾಲ್ಕೈದು ಭಾಷೆಗಳ ಬೀಳ್ಕೊಡುಗೆ ಕೇಳಿಸುತ್ತದೆ. ತುಳುವಿನವರು ‘ಬರ್ಪೆ’ ಎನ್ನುತ್ತಾರೆ, ಕೊಂಕಣಿಯವರು ‘ಯೆತಾಂ’ ಎನ್ನುತ್ತಾರೆ, ಎರಡರ ಅರ್ಥವೂ ‘ಬರುತ್ತೇನೆ’ ಎಂದೇ. ಕನ್ನಡಿಗರ ಮಾತಂತೂ ನಿಮಗೆ ಗೊತ್ತೇ ಇದೆ. ‘ಹೋಗ್ತೀನಿ’ ಎಂದ ಮಗುವನ್ನು ಗದರಿಸಿ ‘ಹೋಗಿ ಬರ್ತೀನಿ ಅನ್ನು’ ಎಂದು ತಿದ್ದದ ಅಜ್ಜಿ ನಮ್ಮ ನಾಡಿನಲ್ಲಿ ಇರಲಾರಳು. ಗಲ್ಫಿನ ದುಡಿಮೆಯವರಿಗೆ ಈ ‘ಬರುತ್ತೇನೆ’ ಬರಿಯ ಶುಭಶಕುನದ ಮಾತಲ್ಲ, ಲೆಕ್ಕದ ಮಾತು. ಎರಡು ವರ್ಷಕ್ಕೊಮ್ಮೆ ರಜೆ ಸಿಗುವ ಕರಾರಿನಲ್ಲಿ ಹೋಗುವವನು ಮುಂದೆ ಬರುವಾಗ ಮಗಳು ಯಾವ ತರಗತಿಯಲ್ಲಿರುತ್ತಾಳೆ, ಯಾವ ಮದುವೆ ತಪ್ಪಿಹೋಗುತ್ತದೆ, ಯಾವ ಸಾಲ ತೀರಿರುತ್ತದೆ ಎಂಬುದನ್ನೆಲ್ಲ ಮೊದಲೇ ಎಣಿಸಿಕೊಂಡಿರುತ್ತಾನೆ. ಬೆಳಗಿನ ಜಾವದ ವಿಮಾನವಾದರೆ ಅವನ ನಿಜವಾದ ವಿದಾಯ ನಿಲ್ದಾಣದಲ್ಲಿ ನಡೆಯುವುದೇ ಇಲ್ಲ. ಮಲಗಿರುವ ಮಗುವನ್ನು ಎಬ್ಬಿಸಿದರೆ ಅಳುತ್ತದೆ, ಎಬ್ಬಿಸದಿದ್ದರೆ ಎದ್ದ ಮೇಲೆ ಹುಡುಕುತ್ತದೆ. ಎಬ್ಬಿಸಬೇಕೋ ಬೇಡವೋ ಎಂದು ಗಂಡ ಹೆಂಡತಿ ಪಿಸುಮಾತಿನಲ್ಲಿ ಚರ್ಚಿಸಿ, ಕೊನೆಗೆ ಎಬ್ಬಿಸದೆ ಹಣೆ ಮುಟ್ಟಿ ಹೊರಟ ತಂದೆಯಂದಿರು ನನ್ನ ಬಂಧುಗಳಲ್ಲೇ ಮೂವರಿದ್ದಾರೆ.

ಈಗ ಬೆಂಗಳೂರಿಗೆ ಬರುತ್ತೇನೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಆರಂಭವಾದಾಗ ಅದು ನಗರದ ನಡುವಿನಿಂದ ಸುಮಾರು 40 ಕಿಲೋಮೀಟರ್ ದೂರ ಎಂಬುದೇ ದೊಡ್ಡ ಚರ್ಚೆಯಾಗಿತ್ತು. ಆ ದೂರ ಬೀಳ್ಕೊಡುಗೆಯನ್ನು ಒಡೆದು ಹಂಚಿತು. ವಾಯು ವಜ್ರ ಬಸ್ಸಿನಲ್ಲಿ ಹೋಗುವವರನ್ನು ಬಡಾವಣೆಯ ಬಸ್ ನಿಲ್ದಾಣದಲ್ಲೇ ಕಳಿಸಿಕೊಡುತ್ತಾರೆ; ಮೈಸೂರಿನವರು ಫ್ಲೈ ಬಸ್ಸಿನ ಬಾಗಿಲಲ್ಲಿ ಕಳಿಸಿಕೊಡುತ್ತಾರೆ. ಮುಂಬಯಿಗೋ ದೆಹಲಿಗೋ ಕೆಲಸದ ಮೇಲೆ ಹೋಗಿ ನಾಳೆ ಬರುವವರ ಮಾತು ಇಲ್ಲಿ ಬೇಡ, ಅವರು ಕ್ಯಾಬಿನಿಂದ ಇಳಿದು ಹಿಂತಿರುಗಿ ನೋಡದೆ ಒಳಗೆ ಹೋಗುತ್ತಾರೆ. ಆದರೆ ಜುಲೈ, ಆಗಸ್ಟ್ ತಿಂಗಳುಗಳ ಒಂದು ರಾತ್ರಿ ಹತ್ತು ಗಂಟೆಯ ಮೇಲೆ ಅಂತರರಾಷ್ಟ್ರೀಯ ನಿರ್ಗಮನದ ಮುಂದೆ ಹೋಗಿ ನಿಂತು ನೋಡಿ. ಯೂರೋಪಿನ ಕಡೆಗೆ ಹೋಗುವ ಹೆಚ್ಚಿನ ವಿಮಾನಗಳು ನಡುರಾತ್ರಿ ಕಳೆದ ಮೇಲೆ ಏರುತ್ತವೆ. ವಿದೇಶದ ವಿಶ್ವವಿದ್ಯಾಲಯಗಳಿಗೆ ಓದಲು ಹೊರಟ ಮಕ್ಕಳೂ ಅವರನ್ನು ಕಳಿಸಲು ಬಂದ ಅಪ್ಪ ಅಮ್ಮ ಅಜ್ಜಿ ಸೋದರಮಾವಂದಿರೂ ಆ ಹೊತ್ತಿಗೆ ಅಲ್ಲಿ ತುಂಬಿರುತ್ತಾರೆ.

ಅಲ್ಲಿ ನಾನು ಕಂಡ ಒಂದು ಕುಟುಂಬವನ್ನು ನಿಮ್ಮ ಕಣ್ಣ ಮುಂದೆ ತರಲು ಪ್ರಯತ್ನಿಸುತ್ತೇನೆ. ಟ್ರಾಲಿಯಿಂದ ದೊಡ್ಡ ಸೂಟ್‌ಕೇಸನ್ನು ಕೆಳಗಿಳಿಸಿದ್ದರು. ತಂದೆ ಕೊಕ್ಕೆಯಿರುವ ಕೈ ತಕ್ಕಡಿಯನ್ನು ಅದರ ಹಿಡಿಗೆ ಸಿಕ್ಕಿಸಿ ಎರಡೂ ಕೈಯಿಂದ ಎತ್ತಿದರು. ತಕ್ಕಡಿ 24.6 ತೋರಿಸಿತು, ಇರಬೇಕಾದದ್ದು 23 ಕಿಲೋ. ಅಲ್ಲೇ ನೆಲದ ಮೇಲೆ, ಹೋಗಿ ಬರುವವರ ಕಾಲುಗಳ ನಡುವೆ, ಸೂಟ್‌ಕೇಸ್ ತೆರೆಯಿತು. ಮಗ ಮೊದಲು ಕೈ ಹಾಕಿದ್ದು ಹುಳಿಪುಡಿಯ ಪೊಟ್ಟಣಕ್ಕೆ. ತಾಯಿ ಅವನ ಮಣಿಕಟ್ಟು ಹಿಡಿದರು. ‘ಆ ಜೀನ್ಸ್ ಪ್ಯಾಂಟ್ ತೆಗಿ, ಅದು ಅಲ್ಲೂ ಸಿಗುತ್ತೆ. ಇದನ್ನ ಯಾರು ಮಾಡಿಕೊಡ್ತಾರೆ ನಿಂಗೆ?’ ಎಂದರು. ಹುಡುಗ ಮಾತನಾಡದೆ ಎರಡು ಪ್ಯಾಂಟು, ಒಂದು ದಪ್ಪ ಪುಸ್ತಕ ತೆಗೆದು ತಂದೆಯ ಕೈಗೆ ಕೊಟ್ಟ. ಚಟ್ನಿಪುಡಿ, ಹುಳಿಪುಡಿ, ಕೋಡುಬಳೆ, ಎಲ್ಲದರ ಮೇಲೂ ತಾಯಿ ಅಂಟುಪಟ್ಟಿ ಹಚ್ಚಿ ಬಾಲ್‌ಪೆನ್ನಿನಲ್ಲಿ ಹೆಸರು ಬರೆದಿದ್ದರು. ಅವರು ಪೊಟ್ಟಣಗಳನ್ನು ಮತ್ತೆ ಬಟ್ಟೆಯ ನಡುವೆ ಒತ್ತೊತ್ತಿ ಇಡುತ್ತಿದ್ದ ರೀತಿಯಲ್ಲಿ, ಶಾಲೆಗೆ ಹೋಗುವ ಮಗುವಿನ ಚೀಲಕ್ಕೆ ಡಬ್ಬಿ ಇಡುವ ಅಭ್ಯಾಸ ಕಾಣಿಸುತ್ತಿತ್ತು. ಆ ಕುಟುಂಬದಲ್ಲಿ ಬೇರೆ ವಿದಾಯದ ಮಾತು ನಡೆಯಿತೋ ಇಲ್ಲವೋ ನನಗೆ ತಿಳಿಯದು. ನಡೆಯಬೇಕಾದದ್ದು ಆ ಸೂಟ್‌ಕೇಸಿನ ಸುತ್ತ ನಡೆದಿತ್ತು.

ಇಲ್ಲಿ ಒಂದು ಮಾತು ಪಕ್ಕಕ್ಕೆ ಹೋಗಿ ಹೇಳಬೇಕು, ಯಾಕೆಂದರೆ ನಿಮ್ಮಲ್ಲಿ ಕೆಲವರಿಗೆ ಉಪಯೋಗವಾದೀತು. ಒಣ ಕೊಬ್ಬರಿಯನ್ನು ವಿಮಾನದ ಚೆಕ್-ಇನ್ ಸಾಮಾನಿನಲ್ಲಿ ಕಳಿಸುವಂತಿಲ್ಲ. ಅದರಲ್ಲಿ ಎಣ್ಣೆಯ ಅಂಶ ಹೆಚ್ಚು, ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಸಾಲಿಗೆ ಅದನ್ನು ಸೇರಿಸಿದ್ದಾರೆ. ಉಪ್ಪಿನಕಾಯಿಯ ಜಾಡಿ ಕೈಚೀಲದಲ್ಲಿ ಹೋದರೆ ತಪಾಸಣೆಯಲ್ಲಿ ಉಳಿದುಬಿಡುತ್ತದೆ. ಹಾಗೆ ತೆಗೆದಿರಿಸಿದ ಜಾಡಿಯನ್ನು ಹೊರಗೆ ನಿಂತವರಿಗೆ ಕೊಟ್ಟು ಬರುತ್ತೇನೆಂದು ಮಕ್ಕಳು ಕೇಳಿಕೊಳ್ಳುವುದುಂಟು. ಅಷ್ಟು ಹೊತ್ತಿಗೆ ಹೊರಗಿನವರು ಹೆದ್ದಾರಿಯಲ್ಲಿರುತ್ತಾರೆ. ಅಮ್ಮ ಕೊಟ್ಟದ್ದು ಕೈ ತಪ್ಪಿತೆಂಬುದನ್ನು ಮಕ್ಕಳು ಎಷ್ಟೋ ಸಲ ಮನೆಗೆ ಹೇಳುವುದೇ ಇಲ್ಲ.

ಮಾತು ಹೇಗೆ ಮುಗಿಯುತ್ತದೆ ಎಂಬುದಕ್ಕೆ ಬರೋಣ. ಇಮ್ಯಾನ್ಯುಯೆಲ್ ಶೆಗ್ಲಾಫ್ ಮತ್ತು ಹಾರ್ವಿ ಸ್ಯಾಕ್ಸ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು 1973ರಲ್ಲಿ ದೂರವಾಣಿ ಸಂಭಾಷಣೆಗಳನ್ನು ಆಧರಿಸಿ ಒಂದು ಪ್ರಬಂಧ ಬರೆದರು. ಸಂಭಾಷಣೆ ತಾನಾಗಿ ನಿಲ್ಲುವುದಿಲ್ಲ, ಇಬ್ಬರೂ ಸೇರಿ ಅದನ್ನು ಮುಗಿಸಬೇಕಾಗುತ್ತದೆ, ಮುಗಿಸುವುದಕ್ಕೆ ಮುಂಚೆ ಪೀಠಿಕೆಯ ಮಾತುಗಳು ಬೇಕಾಗುತ್ತವೆ ಎಂಬುದು ಅದರ ತಿರುಳು. ನಮ್ಮ ಫೋನಿನ ಮಾತಿನಲ್ಲಿ ಅವು ‘ಮತ್ತೆ?’, ‘ಸರಿ ಹಾಗಾದ್ರೆ’, ‘ಇಡ್ಲಾ?’ ಎಂದು ಬರುತ್ತವೆ. ‘ಇಡ್ಲಾ?’ ಎಂಬುದನ್ನು ಗಮನಿಸಿ, ಅದು ಪ್ರಶ್ನೆ. ‘ಬರ್ಲಾ?’ ಎಂಬುದೂ ಪ್ರಶ್ನೆ. ಧಾರವಾಡದ ಕಡೆ ‘ಬರ್ಲೇನ್ರೀ?’ ಎಂದು ಕೇಳಿ, ‘ಹೂಂ, ಹೋಗಿ ಬಾರಪ್ಪಾ’ ಎಂಬ ಉತ್ತರ ಬರುವವರೆಗೆ ಹೊಸ್ತಿಲಲ್ಲಿ ನಿಲ್ಲುವುದು ಮರ್ಯಾದೆ. ವಿಮಾನ ನಿಲ್ದಾಣದ ಬಾಗಿಲಲ್ಲಿ ಈ ಪೀಠಿಕೆ ಬಹಳ ದೀರ್ಘವಾಗುತ್ತದೆ, ಮತ್ತು ಪರಸ್ಪರ ತಳ್ಳಾಟದ ರೂಪ ಪಡೆಯುತ್ತದೆ. ‘ನೀನು ಒಳಗೆ ಹೋಗು, ಕ್ಯೂ ಬೆಳೀತಾ ಇದೆ’ ಎಂದು ತಂದೆ ಹೇಳಿದರೆ, ‘ನೀವು ಹೊರಡಿ, ಹೆಬ್ಬಾಳದಲ್ಲಿ ಟ್ರಾಫಿಕ್ ಇರುತ್ತೆ’ ಎಂದು ಮಗಳು ಹೇಳುತ್ತಾಳೆ. ಯಾರೂ ಅಲುಗುವುದಿಲ್ಲ. ‘ಪಾಸ್‌ಪೋರ್ಟ್ ಇದೆಯಾ?’ ಎಂಬ ಪ್ರಶ್ನೆ ನಾಲ್ಕನೆಯ ಸಲ ಬರುತ್ತದೆ. ನಮ್ಮ ತಲೆಮಾರಿನ ಗಂಡಸರಿಗೆ ಪ್ರೀತಿಯನ್ನು ಹೇಳಲು ಮಾತು ಕಲಿಸಿರಲಿಲ್ಲ. ಪಾಸ್‌ಪೋರ್ಟು, ಚಾರ್ಜರು, ಸ್ವೆಟರು, ಮಾತ್ರೆಗಳ ವಿಚಾರಣೆಯಲ್ಲೇ ಅವರು ಅದನ್ನು ಹೇಳಿದರು. ಕೇಳಿಸಿಕೊಂಡ ಮಕ್ಕಳಿಗೆ ಅರ್ಥವಾಗಿದೆ ಎಂದೇ ನಾನು ನಂಬಿದ್ದೇನೆ.

ಹೊರಡುವವರಿಗೊಂದು ಮಾತು, ಉಳಿಯುವವರಿಗೊಂದು ಮಾತು ಎಂದು ಬೇರೆ ಬೇರೆ ಇಟ್ಟುಕೊಂಡಿರುವ ಭಾಷೆಗಳು ನಮ್ಮದಲ್ಲದೆ ಇನ್ನೂ ಹಲವಿವೆ. ಇಂಡೋನೇಷ್ಯಾದವರು ಹೊರಡುವವನಿಗೆ ‘ಸೆಲಾಮತ್ ಜಲಾನ್’ ಎಂದೂ ಉಳಿಯುವವನಿಗೆ ‘ಸೆಲಾಮತ್ ತಿಂಗಲ್’ ಎಂದೂ ಹೇಳುತ್ತಾರೆ. ಒಂದು ಸುಖವಾಗಿ ಸಾಗು ಎಂದು, ಇನ್ನೊಂದು ಸುಖವಾಗಿ ಇರು ಎಂದು. ತುರ್ಕಿ ಭಾಷೆಯಲ್ಲಿ ‘ಗ್ಯುಲೆ ಗ್ಯುಲೆ’, ಅಂದರೆ ನಗುನಗುತ್ತಾ ಹೋಗು ಎಂಬ ಮಾತನ್ನು ಉಳಿಯುವವರು ಮಾತ್ರ ಹೇಳಬೇಕು. ಅಷ್ಟೇ ಅಲ್ಲ, ಹೊರಟವರ ಹಿಂದೆ ಒಂದು ಪಾತ್ರೆ ನೀರು ಚೆಲ್ಲಿ ‘ನೀರಿನಂತೆ ಹೋಗು, ನೀರಿನಂತೆ ಬಾ’ ಎನ್ನುವುದು ಅಲ್ಲಿನ ಪದ್ಧತಿ. ಇರಾನಿನಲ್ಲೂ ನೀರು ಚೆಲ್ಲುತ್ತಾರೆ, ಜೊತೆಗೆ ಎತ್ತಿ ಹಿಡಿದ ಕುರ್‌ಆನ್ ಪ್ರತಿಯ ಕೆಳಗೆ ಪ್ರಯಾಣಿಕರನ್ನು ಹಾಯಿಸುತ್ತಾರೆ. ನಮಗೆ ಬಹಳ ಹತ್ತಿರವಾದದ್ದು ಜಪಾನೀಯರ ರೀತಿ. ಮನೆಯಿಂದ ಹೊರಡುವವರು ‘ಇತ್ತೆಕಿಮಾಸು’ ಎನ್ನುತ್ತಾರೆ, ಅದರ ನೇರ ಅರ್ಥ ‘ಹೋಗಿ ಬರುತ್ತೇನೆ’. ಮನೆಯವರು ‘ಇತ್ತೆರಾಶ್ಶಾಯ್’ ಎನ್ನುತ್ತಾರೆ, ‘ಹೋಗಿ ಬನ್ನಿ’. ಅವರ ವಿಮಾನ ನಿಲ್ದಾಣಗಳಲ್ಲಿ ನೆಲದ ಮೇಲಿನ ಸಿಬ್ಬಂದಿ ಹೊರಟ ವಿಮಾನದತ್ತ ಸಾಲಾಗಿ ನಿಂತು ಕೈ ಬೀಸಿ ತಲೆಬಾಗುತ್ತಾರೆ. ಟೋಕಿಯೊದ ಹನೇಡಾ ನಿಲ್ದಾಣದಲ್ಲಿ ಟರ್ಮಿನಲ್ಲಿನ ಮೇಲೆಯೇ ತೆರೆದ ವೀಕ್ಷಣಾ ಅಂಗಳವಿದೆ. ಯಾರು ಬೇಕಾದರೂ ಅಲ್ಲಿ ನಿಂತು, ತಮ್ಮವರನ್ನು ಹೊತ್ತ ವಿಮಾನ ನೆಲ ಬಿಡುವುದನ್ನು ಕಣ್ಣಾರೆ ನೋಡಬಹುದು. ಕೊಡುವವರಿಗೂ ಒಂದು ಜಾಗ ಬೇಕೆಂದು ಆ ಕಟ್ಟಡ ಕಟ್ಟಿದವರಿಗೆ ಹೊಳೆದಿತ್ತು ಎಂಬುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಅಪ್ಪಿಕೊಳ್ಳುವ ವಿಷಯ. ನಮ್ಮಲ್ಲಿ ಬೆಳೆದ ಮಗ ತಂದೆಯ ಕಾಲು ಮುಟ್ಟುತ್ತಿದ್ದ, ತಂದೆ ತಲೆಯ ಮೇಲೆ ಕೈ ಇಡುತ್ತಿದ್ದರು, ಅಲ್ಲಿಗೆ ಮುಗಿಯಿತು. ಇಂದಿಗೂ ಟರ್ಮಿನಲ್ಲಿನ ಮುಂದೆ, ಟ್ರಾಲಿಗಳ ನಡುವೆ ಬಗ್ಗಿ ಹಿರಿಯರೆಲ್ಲರ ಕಾಲಿಗೂ ಸಾಲಾಗಿ ನಮಸ್ಕರಿಸುವ ಮಕ್ಕಳಿದ್ದಾರೆ. ಆಶೀರ್ವಾದ ಮಾಡುವ ಅತ್ತೆಯೊಬ್ಬರು ರವಿಕೆಯೊಳಗಿನ ಪುಟ್ಟ ಪರ್ಸಿನಿಂದ ಮಡಿಸಿದ ಐನೂರರ ನೋಟು ತೆಗೆದು ‘ದಾರಿ ಖರ್ಚಿಗೆ ಇಟ್ಕೊ’ ಎಂದು ಅಂಗೈಯಲ್ಲಿ ಒತ್ತುತ್ತಾರೆ. ಹೋಗುತ್ತಿರುವ ಊರಿನ ಅಂಗಡಿಯಲ್ಲಿ ಆ ನೋಟು ನಡೆಯುವುದಿಲ್ಲವೆಂದು ಕೊಡುವವರಿಗೂ ಗೊತ್ತು. ನನ್ನ ಪರಿಚಯದ ಒಬ್ಬ ಹುಡುಗಿ ಅಂಥ ನೋಟನ್ನು ಹತ್ತು ವರ್ಷದಿಂದ ಮುರಿಸದೆ ಇಟ್ಟುಕೊಂಡಿದ್ದಾಳೆ. ಆದರೆ ನಮಸ್ಕಾರ ಮುಗಿದು ಎದ್ದು ನಿಂತ ಮೇಲೆ, ಏನು ಮಾಡಬೇಕೆಂದು ತಿಳಿಯದ ಒಂದು ಕ್ಷಣದಲ್ಲಿ, ತಂದೆ ಮಗ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುವುದನ್ನು ಈಗ ಎಲ್ಲೆಲ್ಲೂ ನೋಡುತ್ತೇವೆ. ಮನೆಯಲ್ಲಿ ಎಂದೂ ಅಪ್ಪಿಕೊಳ್ಳದವರೂ ಅಲ್ಲಿ ಅಪ್ಪಿಕೊಳ್ಳುತ್ತಾರೆ. ನನ್ನ ಓರಗೆಯ ಎಷ್ಟೋ ತಂದೆಯಂದಿರಿಗೆ ಇದನ್ನು ಕಲಿಸಿದ್ದು ವಿಮಾನ ನಿಲ್ದಾಣದ ಆ ಬಾಗಿಲೇ.

ಎಷ್ಟು ಹೊತ್ತು ಅಪ್ಪಿಕೊಳ್ಳಬೇಕು ಎಂಬುದಕ್ಕೂ ಈಗ ಫಲಕ ಬಂದಿದೆ. ನ್ಯೂಜಿಲೆಂಡಿನ ಡುನೆಡಿನ್ ನಿಲ್ದಾಣದಲ್ಲಿ 2024ರಲ್ಲಿ, ವಾಹನದಿಂದ ಇಳಿಸುವ ಜಾಗದಲ್ಲಿ ಅಪ್ಪುಗೆಗೆ ಗರಿಷ್ಠ ಮೂರು ನಿಮಿಷ ಎಂಬ ಫಲಕ ಹಾಕಿದರು, ಅದು ಲೋಕವೆಲ್ಲ ಸುದ್ದಿಯಾಯಿತು. ಹಲವರು ಸಿಟ್ಟಾದರು. ನನಗೆ ಆ ಫಲಕದ ಎರಡನೆಯ ಸಾಲು ಇಷ್ಟವಾಯಿತು: ಇನ್ನೂ ಹೆಚ್ಚು ಹೊತ್ತು ಬೇಕಾದವರು ವಾಹನ ನಿಲುಗಡೆಯ ಜಾಗವನ್ನು ಬಳಸಿ ಎಂದು ಅದು ಹೇಳುತ್ತದೆ. ಇಲ್ಲಿ ಆಗದಿದ್ದರೆ ಎಲ್ಲಿ ಆಗುತ್ತದೆ ಎಂದು ಅದು ತಿಳಿಸಿತು. ನಮ್ಮಲ್ಲಿ ಸೀಟಿ ಊದುತ್ತಾರೆ, ಗಾಡಿ ತೆಗೆಯಿರಿ ಎನ್ನುತ್ತಾರೆ. ಎಲ್ಲಿಗೆ ಹೋಗಿ ನಿಲ್ಲಬೇಕು ಎಂದು ಹೇಳುವವರು ಕಡಿಮೆ.

ಅಮೆರಿಕದ ಮನೋವಿಜ್ಞಾನಿಗಳಾದ ಕ್ರಿಸ್ ಫ್ರೇಲಿ ಮತ್ತು ಫಿಲಿಪ್ ಶೇವರ್ 1998ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನೂ ಇಲ್ಲಿ ನೆನೆಯಬೇಕು. ಅವರು ವಿಮಾನ ನಿಲ್ದಾಣದಲ್ಲಿ ಜೋಡಿಗಳ ನಡವಳಿಕೆಯನ್ನು ಗಮನಿಸಿದರು. ಒಟ್ಟಿಗೆ ಪ್ರಯಾಣ ಮಾಡುವ ಜೋಡಿಗಳಿಗಿಂತ ಅಗಲುತ್ತಿರುವ ಜೋಡಿಗಳು ಹೆಚ್ಚು ಹತ್ತಿರ ನಿಲ್ಲುತ್ತಾರೆ, ಹೆಚ್ಚು ಮುಟ್ಟುತ್ತಾರೆ, ಮತ್ತು ಬಹುಕಾಲ ಜೊತೆಗಿದ್ದವರಲ್ಲಿ ಈ ಹಂಬಲದ ಚಿಹ್ನೆಗಳು ಕಡಿಮೆಯಾಗುತ್ತವೆ ಎಂದು ಕಂಡುಕೊಂಡರು. ಕೊನೆಯ ಮಾತನ್ನು ನಮ್ಮ ಹಿರಿಯ ದಂಪತಿಗಳನ್ನು ನೋಡುವಾಗ ಎಚ್ಚರದಿಂದ ಅನ್ವಯಿಸಬೇಕು. ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕಕ್ಕೆ ಹೊರಟ ಹೆಂಗಸು, ಮನೆಯಲ್ಲಿ ಉಳಿಯುವ ಗಂಡನಿಗೆ ಗ್ಯಾಸ್ ಸಿಲಿಂಡರು ಯಾವಾಗ ಬುಕ್ ಮಾಡಬೇಕು, ಬಿ.ಪಿ. ಮಾತ್ರೆ ಯಾವ ಡಬ್ಬಿಯಲ್ಲಿದೆ, ತುಳಸಿಗೆ ನೀರು ಹಾಕುವುದನ್ನು ಮರೆಯಬಾರದು ಎಂದು ಹೇಳುತ್ತ ನಿಂತಿದ್ದನ್ನು ನಾನು ಕೇಳಿದ್ದೇನೆ. ಅವರು ಒಬ್ಬರನ್ನೊಬ್ಬರು ಮುಟ್ಟಲಿಲ್ಲ. ಗಂಡ ಟ್ರಾಲಿಯ ಹಿಡಿಕೆಯನ್ನು ಬಿಟ್ಟುಕೊಡಲು ಸ್ವಲ್ಪ ತಡಮಾಡಿದರು.

ಧರ್ಮದ ದಾರಿಯಲ್ಲಿ ಹೊರಡುವವರ ಬೀಳ್ಕೊಡುಗೆ ಇನ್ನೊಂದು ಬಗೆ. ಬೆಂಗಳೂರಿನಿಂದ ಹಜ್ ಯಾತ್ರೆಗೆ ಹೋಗುವವರನ್ನು ಹಜ್ ಭವನದಲ್ಲಿ ಕೂಡಿಸಿ ಅಲ್ಲಿಂದ ಬಸ್ಸುಗಳಲ್ಲಿ ನಿಲ್ದಾಣಕ್ಕೆ ಕರೆದೊಯ್ಯುತ್ತಾರೆ, ಹಾಗಾಗಿ ಬಂಧುಬಳಗವೆಲ್ಲ ಭವನದ ಅಂಗಳದಲ್ಲೇ ಸೇರುತ್ತದೆ. ಅಲ್ಲಿ ಹೊರಡುವವರು ‘ನನ್ನ ತಪ್ಪುಗಳನ್ನು ಕ್ಷಮಿಸಿ’ ಎಂದು ಎಲ್ಲರನ್ನೂ ಕೇಳುತ್ತಾರೆ, ಉಳಿಯುವವರು ‘ನಮಗಾಗಿ ದುವಾ ಮಾಡಿ’ ಎನ್ನುತ್ತಾರೆ. ದಖನಿ ಮಾತನಾಡುವ ಕೆಲವು ಮನೆಗಳಲ್ಲಿ, ಪ್ರಯಾಣ ಯಾವುದೇ ಇರಲಿ, ಒಂದು ನಾಣ್ಯವನ್ನು ಬಟ್ಟೆಯಲ್ಲಿ ಸುತ್ತಿ ಹೊರಡುವವರ ತೋಳಿಗೆ ಕಟ್ಟುತ್ತಾರೆ. ಅದಕ್ಕೆ ಇಮಾಮ್ ಜಾಮಿನ್ ಎಂದು ಹೆಸರು. ಊರು ತಲುಪಿದ ಮೇಲೆ ಆ ನಾಣ್ಯವನ್ನು ಬಿಚ್ಚಿ ಬಡವರಿಗೆ ಕೊಡಬೇಕು. ನಮ್ಮ ಮನೆಗಳಲ್ಲಿ ಸಕ್ಕರೆ ಬೆರೆಸಿದ ಮೊಸರನ್ನು ಅಂಗೈಗೆ ಹಾಕುವುದು, ಕಾರಿನ ಚಕ್ರದಡಿ ನಿಂಬೆಹಣ್ಣು ಇಡುವುದು, ರಾಹುಕಾಲಕ್ಕೆ ಮುಂಚೆಯೇ ಒಂದು ಚೀಲವನ್ನು ಪಕ್ಕದ ಮನೆಯಲ್ಲಿ ಇಟ್ಟು ಬಂದು ಪ್ರಯಾಣ ಶುರುವಾಯಿತೆಂದು ಭಾವಿಸುವುದು, ಇವೆಲ್ಲ ಅದೇ ಜಾತಿಯವು. ಈ ಪದ್ಧತಿಗಳೆಲ್ಲ ಉಳಿಯುವವರ ಕೈಗೆ ಮಾಡಲು ಒಂದು ಕೆಲಸ ಕೊಡುತ್ತವೆ.

ಬಾಗಿಲು ದಾಟಿದ ಮೇಲೆ ಏನಾಗುತ್ತದೆ ನೋಡಿ. ಗೋಡೆ ಗಾಜಿನದು. ಮಗಳು ಒಳಗೆ ಟ್ರಾಲಿ ತಳ್ಳುತ್ತ ಹೋಗುವುದು ಹೊರಗಿನಿಂದ ಕಾಣುತ್ತದೆ. ಒಳಗಿನ ದೀಪಗಳು ಪ್ರತಿಫಲಿಸಿ ಹೊರಗೆ ನಿಂತವರು ಅವಳಿಗೆ ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಹಾಗಾಗಿ ಹೊರಗಿನವರು ಅವಳು ತಿರುಗಿದಾಗಲೆಲ್ಲ ದೊಡ್ಡದಾಗಿ ಕೈ ಬೀಸುತ್ತಾರೆ. ಕಂಬದ ಮರೆಯಾದರೆ ಇನ್ನೊಂದು ಗಾಜಿನ ಬಳಿಗೆ ಓಡುತ್ತಾರೆ. ಅವಳು ಪೂರ್ತಿ ಕಾಣದಾದ ಮೇಲೂ ಮನೆಗೆ ಹೋಗುವುದಿಲ್ಲ, ಯಾಕೆಂದರೆ ತೂಕ ಹೆಚ್ಚಾಗಿ ಏನಾದರೂ ವಾಪಸ್ ಕೊಡಬೇಕಾಗಿ ಬಂದರೆ? ಫೋನು ಬರುತ್ತದೆ: ‘ಬೋರ್ಡಿಂಗ್ ಪಾಸ್ ಸಿ­ಕ್ತು, ನೀವು ಹೊರಡಿ.’ ಹೊರಡುತ್ತಾರೆ. ಯಲಹಂಕದ ಬಳಿ ಮತ್ತೊಂದು: ‘ಇಮಿಗ್ರೇಷನ್ ಆಯ್ತು.’ ಮನೆ ಮುಟ್ಟುವ ಹೊತ್ತಿಗೆ: ‘ಸೀಟಲ್ಲಿ ಕೂತೆ, ಫೋನ್ ಆಫ್ ಮಾಡ್ತೀನಿ.’ ಒಂದು ಬಾಗಿಲಲ್ಲಿ ಮುಗಿಯದ್ದನ್ನು ಹೀಗೆ ಮೂರು ನಾಲ್ಕು ಕಂತುಗಳಲ್ಲಿ ಮುಗಿಸುತ್ತಾರೆ. ಆ ಮೇಲೆ ವಿಮಾನದ ದಾರಿ ತೋರಿಸುವ ಆ್ಯಪ್ ಇದೆ. ಇಂಗ್ಲಿಷ್ ಓದಲು ಬಾರದ ಒಬ್ಬ ಅಜ್ಜಿ, ಫೋನಿನ ಮೇಲೆ ಅರಬ್ಬಿ ಸಮುದ್ರದ ನೀಲಿಯಲ್ಲಿ ಹಳದಿ ಬಣ್ಣದ ಪುಟ್ಟ ವಿಮಾನ ಮುಂದೆ ಸರಿಯುವುದನ್ನು ಜಪಮಣಿ ಹಿಡಿದುಕೊಂಡು ನೋಡುತ್ತ ಕುಳಿತಿದ್ದರು. ನಿದ್ದೆ ಬರುವುದಿಲ್ಲವೇ ಎಂದು ಕೇಳಿದರೆ, ‘ನೀರು ದಾಟಲಿ ಮಗಾ’ ಎಂದರು.

ಕರಾವಳಿಯವನಾಗಿ ನಾನು ಆ ಆತಂಕವನ್ನು ಅತಿ ಎಂದು ಎಂದೂ ಭಾವಿಸಿಲ್ಲ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ರನ್‌ವೇಯನ್ನು ಮೀರಿ ಕಣಿವೆಗೆ ಬಿತ್ತು. 158 ಜನ ತೀರಿಕೊಂಡರು, ಎಂಟು ಜನ ಬದುಕಿದರು. ಕರೆದುಕೊಂಡು ಹೋಗಲು ಬಂದವರು ನಿಲ್ದಾಣದಲ್ಲಿ ಕಾಯುತ್ತಿದ್ದರು. ಗುರುತು ಸಿಗದ ದೇಹಗಳನ್ನು ಫಲ್ಗುಣಿ ನದಿಯ ದಡದ ಬಳಿ, ಕೂಳೂರಿನಲ್ಲಿ, ಒಟ್ಟಾಗಿ ಮಣ್ಣು ಮಾಡಿದರು. ಆ ದಿನದಿಂದ ನಮ್ಮ ಕಡೆಯ ಮನೆಗಳಲ್ಲಿ ‘ತಲುಪಿದೆ’ ಎಂಬ ಒಂದು ಪದದ ತೂಕ ಬದಲಾಯಿತು. ವಿಮಾನ ಇಳಿದ ಕೂಡಲೇ, ಸೀಟ್‌ಬೆಲ್ಟ್ ಬಿಚ್ಚುವುದಕ್ಕೂ ಮುಂಚೆ, ಆ ಪದವನ್ನು ಕಳಿಸುವುದು ನಮ್ಮ ಹುಡುಗರು ಪಾಲಿಸುವ ನೇಮ. ಅದು ಬರುವವರೆಗೆ ಬೀಳ್ಕೊಡುವುದು ಮುಗಿದಿರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನದೊಂದು ಕೇಳಿಕೆಯಿದೆ. ಬೆಂಗಳೂರಿನ ಎರಡನೆಯ ಟರ್ಮಿನಲ್ಲನ್ನು 2022ರ ನವೆಂಬರಿನಲ್ಲಿ ಉದ್ಘಾಟಿಸಿದಾಗ ಅದರ ಬಿದಿರಿನ ಕೆಲಸವನ್ನೂ ಒಳಗಿನ ತೋಟಗಳನ್ನೂ ನಾವೆಲ್ಲ ಹೆಮ್ಮೆಯಿಂದ ನೋಡಿದೆವು, ಮತ್ತು ಅದು ಹೆಮ್ಮೆಗೆ ತಕ್ಕ ಕಟ್ಟಡವೇ. ನಮ್ಮ ರಾಜ್ಯದಲ್ಲಿ ಇನ್ನು ಮುಂದೆ ಕಟ್ಟುವ, ವಿಸ್ತರಿಸುವ ಪ್ರತಿ ನಿಲ್ದಾಣದ ನಕ್ಷೆಯಲ್ಲೂ ಬಾಗಿಲಿನ ಹೊರಗಣ ಜಾಗವನ್ನು ಮೊದಲು ಬರೆಯಬೇಕು. ಮಂಡಿನೋವಿನ ಅಜ್ಜಿ ಕೂರಲು ಬೆಂಚು, ಮಳೆ ತಾಕದ ಮಾಡು, ಸೂಟ್‌ಕೇಸ್ ತೂಗಲು ಹೊರಗೊಂದು ತಕ್ಕಡಿ, ಅದನ್ನು ತೆರೆದು ಮತ್ತೆ ತುಂಬಲು ಸೊಂಟದೆತ್ತರದ ಒಂದು ಕಟ್ಟೆ, ಹತ್ತಿರದಲ್ಲೇ ಶೌಚಾಲಯ, ಮತ್ತು ಸಾಧ್ಯವಾದರೆ ವಿಮಾನ ಏರುವುದು ಕಾಣುವ ಎತ್ತರದ ಒಂದು ಅಂಗಳ. ಇವುಗಳಿಂದ ಭದ್ರತೆಗೆ ಯಾವ ಕುಂದೂ ಬರುವುದಿಲ್ಲ, ಯಾಕೆಂದರೆ ಇವೆಲ್ಲ ಆ ಬಾಗಿಲಿನ ಹೊರಗೇ ಇರುವಂಥವು.

ಕೊನೆಯದಾಗಿ ನಮ್ಮ ಮನೆಯ ಒಂದು ದಿನವನ್ನು ಹೇಳಿ ನಿಲ್ಲಿಸುತ್ತೇನೆ. ಮಗಳು ಫ್ರಾಂಕ್‌ಫರ್ಟಿಗೆ ಹೊರಟ ರಾತ್ರಿ ನಾವು ಗಂಡ ಹೆಂಡತಿ ಅವಳನ್ನು ಬಿಟ್ಟು ವಿಜಯನಗರಕ್ಕೆ ಮರಳಿದಾಗ ಎರಡು ಗಂಟೆ. ಬೆಳಗ್ಗೆ ಎದ್ದಾಗ ಮನೆ ತುಂಬ ಅವಳು ಬಿಟ್ಟುಹೋದ ರಟ್ಟಿನ ತುಂಡು, ದಾರ, ಕತ್ತರಿಸಿದ ಅಂಟುಪಟ್ಟಿಯ ಚೂರುಗಳು ಹರಡಿದ್ದವು. ಕೆಲಸದಾಕೆ ಪೊರಕೆ ಹಿಡಿದು ಬಂದರೆ ನನ್ನ ಹೆಂಡತಿ ‘ಇವತ್ತು ಗುಡಿಸೋದು ಬೇಡಮ್ಮ, ಪಾತ್ರೆ ಮಾತ್ರ ತೊಳೆದು ಹೋಗು’ ಎಂದು ಕಳಿಸಿಬಿಟ್ಟಳು. ಹೊರಟವರ ಹಿಂದೆಯೇ ಮನೆ ಗುಡಿಸಬಾರದು ಎಂಬುದು ನನ್ನ ಅಮ್ಮ ಪಾಲಿಸುತ್ತಿದ್ದ ಪದ್ಧತಿ; ಅಣ್ಣ ಮಸ್ಕತ್ತಿಗೆ ಹೋದ ದಿನವೂ ನಮ್ಮ ಮನೆಯ ಕಸ ಹಾಗೆಯೇ ಇತ್ತು. ನಾವಿಬ್ಬರೂ ಆ ಚೂರುಗಳನ್ನು ತುಳಿಯದಂತೆ ಸುತ್ತಿ ಓಡಾಡುತ್ತ ಕಾಫಿ ಮಾಡಿಕೊಂಡೆವು, ಪತ್ರಿಕೆ ತಿರುವಿದೆವು, ಊಟಕ್ಕೆ ಕುಳಿತೆವು. ಮಧ್ಯಾಹ್ನ ಒಂದೂವರೆಗೆ ಫೋನು ಸಣ್ಣಗೆ ಸದ್ದು ಮಾಡಿತು. ‘ತಲುಪಿದೆ’ ಎಂದಿತ್ತು. ಹೆಂಡತಿ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, ಬಾಗಿಲ ಹಿಂದಿನಿಂದ ಪೊರಕೆ ತೆಗೆದುಕೊಂಡಳು.